ಹರಳೆಣ್ಣೆ

ಮೊದಲು ಹಾರ್ನ್ ಬಿಚ್ಚಿದೆ.
ಫಾಯೆಂಜಾದ ಕೋಳಿಗಳನ್ನೆಲ್ಲ ಐವತ್ತು ವರ್ಷ
ಬದಿಗೆ ಸರಿಸಿದ್ದ ಹಾರ್ನ್,
ಕೊನೆಗೊಮ್ಮೆ ಬ್ಯಾಟರಿಗೆ ತಾಗಿಸಿದರೆ
ಶೀತವಾದ ಬಾತಿನ ಹಾಗೆ ಕೆಮ್ಮಿತು.
ಡೆಲ್ಫೊ ನಗಲಿಲ್ಲ. ಎಪ್ಪತ್ಮೂರರ ಮುದುಕ,
ಮಗ್ಗುಲಲ್ಲಿ ಸ್ಟೂಲು ಹಾಕಿ ಕೂತು
ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು
ಮೊಟ್ಟೆಯ ಟ್ರೇಯಲ್ಲಿ ಸಾಲಾಗಿ ಇಡುತ್ತಿದ್ದ.

ಅರವತ್ತೆಂಟರಲ್ಲಿ ಕಂತಿಗೆ ಕೊಂಡ ಡುಕಾಟಿ, ಒಂಟಿ ಸಿಲಿಂಡರು.
ದೀಪ ಹೋಯಿತು, ಮಡ್‌ಗಾರ್ಡು ಹೋಯಿತು.
ಹಿಂದಿನ ಸೀಟು ಬಿಚ್ಚುವಾಗ ದೀರ್ಚೆ ಬಂದಳು,
ಉಗುರ ಸಂದಿಯಲ್ಲಿನ್ನೂ ಪಿಂಗಾಣಿಯ ನೀಲಿ.
"ಇದರ ಮೇಲೆ ನನ್ನ ಮದುವೆ, ಎರಡು ಹೆರಿಗೆ ನೋವು,
ಒಮ್ಮೆ ಒಂದು ಹೊಲಿಗೆ ಯಂತ್ರ..." ಅಂದು
ಲೆಕ್ಕ ಮುಗಿಸದೆ
ಸೀಟನ್ನು ಕಂಕುಳಲ್ಲಿ ಅವುಚಿಕೊಂಡು ಹೋದಳು.
ಅಡುಗೆಮನೆಯ ಬೆಂಚಿಗೆ ಸರಿಹೋಯಿತಂತೆ.

ಓಟವೆಂದರೆ ಒಂದು ಥರದ ಜಿಪುಣತನ.
ಬ್ರೇಕಿನ ತಟ್ಟೆಗೆ ತೂತು, ಸ್ಪ್ರಾಕೆಟ್ಟಿಗೆ ತೂತು,
ಗ್ರಾಂ ಗ್ರಾಂ ಕೊರೆದು ತೆಗೆದ ಅಲ್ಯೂಮಿನಿಯಂ ಸುರುಳಿ
ಗುಡಿಸಿದರೆ ಒಂದು ಹಿಡಿ.
ಕಾರ್ಬುರೇಟರು ಬಾಯಿ ತೆರೆದ ತುತ್ತೂರಿ;
ಸೈಲೆನ್ಸರ್ ಹೋಗಿ ಮೆಗಾಫೋನು.
ಅದುರಿಗೆ ಕಳಚದಂತೆ ಬೋಲ್ಟುಗಳ ತಲೆಗೆ ತಂತಿ ಪೋಣಿಸಿದೆ,
ಕಿವಿ ಚುಚ್ಚಿ ಓಲೆ ತೊಡಿಸಿದ ಹಾಗೆ.
ಸ್ಟ್ಯಾಂಡು ಕತ್ತರಿಸಿದ ದಿನ
ಗಾಡಿ ನನ್ನ ಸೊಂಟಕ್ಕೆ ಒರಗಿತು. ಇನ್ನು ಮೇಲೆ
ಯಾರಾದರೂ ಹಿಡಿದುಕೊಂಡಿರಬೇಕು, ಇಲ್ಲ ಗೋಡೆ ಬೇಕು.

ಎಣ್ಣೆಯ ಮಾತು ಬಂದಾಗ ಮಾತ್ರ
ಡೆಲ್ಫೊ ಎದ್ದು ಬಾಗಿಲಿಗೆ ಹೋದ.
"ಓಟಕ್ಕೆ ಹರಳೆಣ್ಣೆ ಹಾಕ್ತಾರೆ. ಬೇಡ ಅಂದರೆ ಬೇರೆಯೂ ಇದೆ," ಅಂದೆ.
ಬೀದಿ ನೋಡುತ್ತ ಹೇಳಿದ:

ಅವನಪ್ಪನಿಗೆ ಆಗ ಹದಿನೇಳು. ಇಟ್ಟಿಗೆ ಗೂಡಿನ ಆಳು.
ಕರಿ ಅಂಗಿಯವರು ಲಾರಿಯಲ್ಲಿ ಬಂದು
ಬಾವಿಕಟ್ಟೆಗೆ ಕಟ್ಟಿ, ಮೂಗು ಹಿಡಿದು,
ಲಾಳಿಕೆಯಿಟ್ಟು ಸುರಿದರು, ಮುಕ್ಕಾಲು ಲೀಟರು ಹರಳೆಣ್ಣೆ.
ಊರು ಕಿಟಕಿಯಿಂದ ನೋಡಿತು.
ಬಟ್ಟೆ ಕೆಡಿಸಿಕೊಂಡು ಎರಡು ಮೈಲಿ ನಡೆದು ಮನೆಗೆ ಬಂದವನು
ಆಮೇಲೆ ಅರವತ್ತು ವರ್ಷ ಬದುಕಿದ,
ಆ ಮಾತು ಎತ್ತಲಿಲ್ಲ.
ಆದರೆ ಮೇ ತಿಂಗಳಲ್ಲಿ ಓಟದ ಗಾಡಿಗಳು
ಮನೆ ಮುಂದಿನ ತಿರುವಿನಲ್ಲಿ ಹಾದಾಗ,
ಆ ಸಿಹಿ, ಆ ಸುಟ್ಟ ವಾಸನೆ ದ್ರಾಕ್ಷಿ ಸಾಲುಗಳ ಮೇಲೆ ಎದ್ದಾಗ,
ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ
ಕತ್ತಲಲ್ಲಿ ಕೂರುತ್ತಿದ್ದ.
ಮಗ ಬೇಲಿಯ ಮೇಲೆ ಕೂತು
ಮೂಗರಳಿಸಿ ಅದೇ ವಾಸನೆಗೆ ಸೋಲುತ್ತಿದ್ದ.

"ಹಾಗಾಗಿ ದೀಪ ಇರುವ ಗಾಡಿ ಕೊಂಡೆ," ಅಂದ. ಅಷ್ಟೆ.

ಮೂರು ದಿನ ಡಬ್ಬಿ ಬೆಂಚಿನ ಮೇಲೆಯೇ ಇತ್ತು.
ನಾನು ಕೇಳಲಿಲ್ಲ. ದೀರ್ಚೆ ಬಂದು
ಹಳದಿ ತಟ್ಟೆಯ ಮೇಲೆ ಅಂಕಿ ಬರೆದಳು, ಇಪ್ಪತ್ತೆರಡು,
ಅಳತೆಗೋಲಿಲ್ಲದೆ, ಉಸಿರು ಬಿಗಿಹಿಡಿದು,
ಹೂಜಿಯ ಕೊರಳಿಗೆ ಗೆರೆ ಎಳೆದು ಪಳಗಿದ ಕೈ.
ಕುಂಚ ಒರೆಸಿ, ಡಬ್ಬಿಯ ಮುಚ್ಚಳ ತಿರುಗಿಸಿ ಮೂಸಿದಳು.
"ಎಣ್ಣೆಗೇನು ಗೊತ್ತು, ಯಾರ ಬಾಯಿ ಅಂತ."
ಡೆಲ್ಫೊ ಲಾಳಿಕೆ ಕೇಳಿದ.
ಕೊಡುವಾಗ ನನ್ನ ಕೈ ತುಸು ತಡೆಯಿತು.
ಜೇನಿಗಿಂತ ನಿಧಾನ ಇಳಿಯಿತು ಅದು.

ಇಪ್ಪತ್ತಾರು ಗಾಡಿ, ಅವನು ಹತ್ತೊಂಬತ್ತನೆಯವನು.
ತಳ್ಳಿದ್ದು ನಾನು; ಮೂರನೆಯ ಸಲಕ್ಕೆ ಹೊತ್ತಿಕೊಂಡು
ಗದ್ದೆ ಆಚೆಯ ಚರ್ಚಿನ ಪಾರಿವಾಳ ಅಷ್ಟೂ ಮೇಲೆದ್ದವು.
ನಾಲ್ಕನೆಯ ಸುತ್ತಿನಲ್ಲಿ ಗೇರು ತಪ್ಪಿ
ರವೆನ್ನಾದ ಒಬ್ಬ ಹಲ್ಲಿನ ವೈದ್ಯ ಅವನನ್ನು ಹಿಂದೆ ಹಾಕಿದ.
ಅದೊಂದು ಇವತ್ತಿಗೂ ಅವನಿಗೆ ಉರಿ.

ಬಾವುಟ ಬಿದ್ದ ಮೇಲೆ ಎಲ್ಲರೂ ಮರಳಿದರು, ಅವನು ಬರಲಿಲ್ಲ.
ಹುಡುಕಿ ಹೋದೆ.
ತಿರುವಿನ ಆ ಹಳೆಯ ಮನೆ, ಈಗಲ್ಲಿ ಬಾಡಿಗೆಯ ಮಂದಿ,
ಅಂಗಳದಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು.
ಸ್ಟ್ಯಾಂಡಿಲ್ಲವಲ್ಲ, ಕಿಟಕಿಯ ಕೆಳಗೆ ಗೋಡೆಗೆ ಒರಗಿಸಿದ್ದ.
ಎಂಜಿನ್ನು ಟಿಕ್ ಟಿಕ್ ಎನ್ನುತ್ತ ಆರುತ್ತಿತ್ತು,
ವಾಸನೆ ಗೋಡೆ ಹಿಡಿದು ಮೇಲೇರುತ್ತಿತ್ತು.
ಒಳಗೆ ಯಾರೋ ನಡೆದು ಬರುವ ಹೆಜ್ಜೆ.
ಡೆಲ್ಫೊ ಹೆಲ್ಮೆಟ್ಟು ಎದೆಗೊತ್ತಿ ತಲೆಯೆತ್ತಿ ನಿಂತಿದ್ದ,
ಕದ ಮುಚ್ಚುವ ಸದ್ದಿಗೆ ಕಾಯುವ ಹುಡುಗನ ಹಾಗೆ.