ಮೂವತ್ನಾಲ್ಕು ಹಲ್ಲು

ಶೆಫೀಲ್ಡಿನ ಕೆಲ್ಹಮ್ ದ್ವೀಪ. ಹಳೆ ಕಾರ್ಖಾನೆಯ ಮಗ್ಗುಲಲ್ಲಿ
ಡಾನ್ ನದಿಗೆ ಬೆನ್ನು ಹಾಕಿ ಕೂತ ಅಂಗಡಿ.
ಬಾಗಿಲು ತಳ್ಳಿದರೆ ರಬ್ಬರಿನ ವಾಸನೆ,
ಸೂರಿನ ತುಂಬ ನೇತಾಡುವ ಸೈಕಲ್ಲು,
ಹಬ್ಬ ಮುಗಿದರೂ ಇಳಿಸದ ಆಕಾಶಬುಟ್ಟಿಗಳ ಹಾಗೆ.

ಮೊದಲು ಒಳಗೆ ಬಂದದ್ದು ನನ್ನ ಹೊಟ್ಟೆ.
ಅದರ ಹಿಂದೆ ನಾನು, ನನ್ನ ಹಿಂದೆ ಐವತ್ತೊಂದು ವರ್ಷ.

ಇಪ್ಪತ್ತು ವರ್ಷ ಫಾರ್ಮಸಿ ಕೌಂಟರಿನಲ್ಲಿ ನಿಂತು
ಊರವರ ಸಕ್ಕರೆಗೆಲ್ಲ ಮಾತ್ರೆ ಎಣಿಸಿದವಳು,
"ಊಟದ ಜೊತೆ ಒಂದು, ದಿನಾ ಸ್ವಲ್ಪ ನಡೆಯಿರಿ" ಎಂದವಳು.
ಕಳೆದ ತಿಂಗಳು ಅದೇ ಚೀಟಿಯಲ್ಲಿ ನನ್ನದೇ ಹೆಸರು.
ಓದಿದೆ. ಎಣಿಸಿದೆ. ಲಕೋಟೆಗೆ ಹಾಕಿ
ಒಳಗೊಳಗೇ ಕೂಗಿದೆ: ಪಂಕಜಾಕ್ಷಿ ಯಾರು?

ಅಂಗಡಿಯ ಸೆಲ್ವಿನ್, ಜಮೈಕಾದಿಂದ ಬಂದವರ ಮಗ,
ಹೆಸರು ಬರೆಯಹೋಗಿ "ಪಂಕ್" ಎಂಬಲ್ಲಿ ನಿಂತ.
"ಪಂಕ್ಚರ್ ಅಂತ ಬರ್ಕೋ" ಅಂದೆ. ನಕ್ಕು ಟೇಪು ತೆಗೆದ.
ಮದುವೆಯ ರವಿಕೆಗೆ ಅಳತೆ ಕೊಟ್ಟ ಮೇಲೆ
ಯಾರೂ ನನ್ನನ್ನು ಇಷ್ಟು ಗಂಭೀರವಾಗಿ ಅಳೆದಿರಲಿಲ್ಲ.
ಇವನು ಕೇಳಿದ್ದು ಕಾಲಿನ ಉದ್ದ, ತೋಳಿನ ಉದ್ದ.
ಸೊಂಟದ ಸುತ್ತಳತೆ ಕೇಳಲೇ ಇಲ್ಲ, ಪುಣ್ಯಾತ್ಮ.

ಮೊದಲು ತೋರಿಸಿದ್ದು ಕಪ್ಪು ಕಾರ್ಬನ್ನಿನದು,
ಎತ್ತಿದರೆ ಹಪ್ಪಳದ ಡಬ್ಬಿಯಷ್ಟು ಹಗುರ.
ಏಳೂವರೆ ಕಿಲೋ, ಮೂರು ಸಾವಿರ ಪೌಂಡು.
ಪಕ್ಕದ ಅಲ್ಯೂಮಿನಿಯಮ್ಮಿನದು ಹತ್ತು ಕಿಲೋ, ಎಂಟುನೂರು.
ಅಂದರೆ ಎರಡೂವರೆ ಕಿಲೋ ಇಳಿಸಲು ಎರಡು ಸಾವಿರದಿನ್ನೂರು!
ನನ್ನ ಹತ್ತಿರವೇ ಇವೆಯಲ್ಲ ಹದಿನೆಂಟು,
ಯಾರಾದರೂ ಕೊಳ್ಳುವುದಾದರೆ.

"ಭಾರ ಬಿಡು," ಅಂದ ಸೆಲ್ವಿನ್, "ಹಲ್ಲು ನೋಡು."
ಹಿಂದಿನ ಗಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹಲ್ಲುಚಕ್ರ,
ದೊಡ್ಡದಕ್ಕೆ ಮೂವತ್ನಾಲ್ಕು. ನನಗಿಂತ ಆರು ಹೆಚ್ಚು.
"ಗುಡ್ಡದ ಊರಿದು. ಚಂದ ನೋಡಿ ಕೊಂಡವರು
ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾರೆ.
ನಿನಗೆ ಬೇಕಾದ್ದು ಗುಡ್ಡವನ್ನು ಅಗಿಯುವಂಥದ್ದು,
ಸಣ್ಣ ಸಣ್ಣ ತುತ್ತು ಮಾಡಿ."
ತುತ್ತಿನ ವಿಷಯ ನನಗೆ ಹೇಳಬೇಕೆ!

ಹ್ಯಾಂಡಲ್ಲೋ, ಟಗರಿನ ಕೊಂಬು.
ಬಾಗಿ ಹಿಡಿದರೆ ಹೊಟ್ಟೆ ತೊಡೆಗೆ ನಮಸ್ಕಾರ ಹೇಳುತ್ತದೆ.
ಬುಡಕ್ಕೆ ಮೂರು ಬಿಲ್ಲೆ ಸೇರಿಸಿ ಎತ್ತರಿಸಿಕೊಟ್ಟ.
"ಕರಗಿದ ಹಾಗೆಲ್ಲ ಬಾ, ಒಂದೊಂದೇ ತೆಗೆಯೋಣ."
ಸೀಟು ಮಾವಿನ ವಾಟೆಯಷ್ಟು ಸಪೂರ.
ಇದರ ಮೇಲೆ ಇಷ್ಟೆಲ್ಲ ನಾನೇ?

ದಾವಣಗೆರೆಯಲ್ಲಿ ಬಾಡಿಗೆ ಸೈಕಲ್, ಗಂಟೆಗೆ ಎಂಟಾಣೆ.
ಅಣ್ಣ ಒಳಪೆಡ್ಲು ತುಳಿಯುತ್ತಿದ್ದ; ಹಿಂದೆ ನಾನು
ಕ್ಯಾರಿಯರ್ ಹಿಡಿದು ಓಡುತ್ತಿದ್ದೆ, ಅವನು ಬೀಳದಂತೆ.
ನನ್ನ ಪಾಳಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು.
ಲೆಕ್ಕ ಹಾಕಿದರೆ, ವ್ಯಾಯಾಮ ಆದದ್ದು ನನಗೇ.

ಹೊರಗೆ ಜಿನುಗು ಮಳೆ. ಟ್ರಾಮಿನ ಹಳಿ ಒದ್ದೆ.
"ಹಳಿಯನ್ನು ಅಡ್ಡ ದಾಟು, ಜೊತೆಗೆ ಹೋಗಬೇಡ!"
ದಾಟಿದೆ. ಕ್ರೂಕ್ಸ್‌ಮೂರಿನ ಏರು ಅರ್ಧ ಆಗುವಷ್ಟರಲ್ಲಿ
ಇಳಿದು ತಳ್ಳಿದೆ.
ಬಸ್ ಸ್ಟಾಪಿನಲ್ಲೊಬ್ಬಳು ಹುಡುಗಿ ಚಿಪ್ಸ್ ತಿನ್ನುತ್ತ ನೋಡಿದಳು.
ವಿನೆಗರಿನ ವಾಸನೆಗೆ ಎದೆಯ ಗೇರು ತಪ್ಪಿತು.
ಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ,
ಪರ್ಸು ಅಂಗಡಿಯಲ್ಲಿತ್ತು.

ಇಳಿಜಾರಿನಲ್ಲಿ ಆದದ್ದನ್ನು ಸೆಲ್ವಿನ್‌ಗೂ ಹೇಳಿಲ್ಲ.
ಬಾಯಿಂದ ಒಂದು ಸದ್ದು ಹೊರಟಿತು.
ಅದು ನನ್ನದೆಂದು ತಿಳಿಯಲು ಒಂದು ಬೀದಿ ಹಿಡಿಯಿತು.

ಹಸಿರು ಬಣ್ಣದ್ದು ಕೊಂಡೆ, ಅಲ್ಯೂಮಿನಿಯಮ್ಮಿನದೇ,
ಮಡ್‌ಗಾರ್ಡು ಹಾಕಿಸಿ, ಬೆಲ್ಲು ದೊಡ್ಡ ಸದ್ದಿನದು ಆರಿಸಿ.
ರಾತ್ರಿ ಬಚ್ಚಲಮನೆಯ ತೂಕದ ಯಂತ್ರದ ಮೇಲೆ
ಅದನ್ನು ಎದೆಗವಚಿ ನಿಂತೆ,
ಅವನು ಹೇಳಿದ ಹತ್ತು ಕಿಲೋ ನಿಜವೇ ನೋಡೋಣವೆಂದು.
ಮುಳ್ಳು ತೊಂಬತ್ತೊಂದರ ಆಚೆ ಹೋಗಿ ನಿಂತಿತು.
ಮೊದಲ ದಿನವೇ ಹತ್ತು ಕಿಲೋ ಏರಿದೆ!
ಚೈನಿನ ಎಣ್ಣೆ ನೈಟಿಗೆ ಮೆತ್ತಿತು.
ಆದರೂ ತುಸು ಹೊತ್ತು
ಇಳಿಯಲಿಲ್ಲ.