ಬೆನ್ನಿಗೆ ಬಿಸಿಲು

ಲೆನ್ಸಿನೊಳಗೆ ಬೂಷ್ಟು ಬೆಳೆದದ್ದು
ನನಗೆ ಗೊತ್ತಾಗಿದ್ದು ಮೂರನೇ ಮಳೆಗಾಲಕ್ಕೆ.
ಅಕ್ಕಿ ಡಬ್ಬಿಯಲ್ಲಿ ಹೂತಿಡು, ತೇವ ಹೀರುತ್ತೆ ಅಂದಿದ್ದರು ಯಾರೋ.
ಅಕ್ಕಿಗೆ ಹುಳ ಬಿತ್ತು,
ಗಾಜಿಗೆ ಜೇಡನ ಬಲೆಯಂಥ ಬೇರು.

ಶಿವಾಜಿನಗರದ ಸಂದಿ, ಕೋಳಿ ಅಂಗಡಿಯ ಮೇಲಿನ ಮಹಡಿ.
ನಯಾಜ್ ಪಾಷಾ ಭೂತಗನ್ನಡಿಯನ್ನು ಹಣೆಯಿಂದ ಕಣ್ಣಿಗಿಳಿಸಿ
ಟಾರ್ಚು ಬಿಟ್ಟು ನೋಡಿದರು, ಮಗುವಿನ ಗಂಟಲು ನೋಡುವ ಹಾಗೆ.
"ಬೂಷ್ಟು ತೆಗೀತೀನಮ್ಮ. ಅದು ತಿಂದ್ಕೊಂಡಿರೋ ಲೇಪ ವಾಪಸ್ ಬರಲ್ಲ.
ಸೂರ್ಯನ್ನ ಎದುರು ಹಾಕ್ಕೋಬೇಡಿ, ಫೋಟೋ ಮೇಲೆ ಹಾಲು ಚೆಲ್ಲಿದಂಗೆ ಆಗ್ತದೆ.
ಬೆನ್ನಿಗೆ ಇಟ್ಕೊಳ್ಳಿ. ಇನ್ನೂ ಹತ್ತು ವರ್ಷ ಓಡ್ತದೆ."
ನಾನೂರು ರೂಪಾಯಿ. ರಸೀದಿ ಇಲ್ಲ, ಚಾ ಇತ್ತು.

ಅವತ್ತಿನಿಂದ ಈ ಊರನ್ನು ನಾನು
ಬೆನ್ನಿಗೆ ಬಿಸಿಲು ಹೊತ್ತೇ ನೋಡಿದ್ದೇನೆ.
ಬೆಳಿಗ್ಗೆ ಆದರೆ ಪಡುವಣದ ಮುಖಗಳು,
ಸಂಜೆಗೆ ಮೂಡಣದ ಗೋಡೆಗಳು.
ಮಧ್ಯಾಹ್ನ ಮನೆ.

ಒಮ್ಮೆ ಸುಧನ್ವನ ಬಿಳೀ ಜೂಮ್ ಸಾಲ ತಂದೆ,
ಒನಕೆಯಷ್ಟು ಉದ್ದ, ಒನಕೆಯಷ್ಟೇ ಭಾರ.
ಮಾರ್ಕೆಟ್ಟಿನ ಹೂವಿನ ಮೆಟ್ಟಿಲಲ್ಲಿ ಎತ್ತಿ ಹಿಡಿದದ್ದೇ ತಡ,
"ಯಾವ ಚಾನೆಲ್ಲು ಮೇಡಂ?"
"ಈ ಚರಂಡಿ ತೋರ್ಸಿ ಮೊದ್ಲು!"
ಅರ್ಧ ಗಂಟೆಯಲ್ಲಿ ನನ್ನ ಸುತ್ತ ಒಂದು ವಾರ್ಡ್ ಸಭೆ.
ಎಲ್ಲರೂ ಕೂದಲು ತೀಡಿಕೊಂಡು ದೂರು ಹೇಳಲು ನಿಂತವರು;
ಹೂ ಕಟ್ಟುತ್ತಿದ್ದ ಬೆರಳುಗಳು ಮಾತ್ರ
ಒಂದೂ ಸಿಗಲಿಲ್ಲ.

ಮತ್ತೆ ನನ್ನ ಹಳೇ ಗಿಡ್ಡ ಲೆನ್ಸೇ ಗತಿ.
ಇದನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ,
ಕಾವಲಿನವರ ಹೊರತು.
"ಕ್ಯಾಮೆರಾ ನಾಟ್ ಅಲೋಡ್. ಬೇಕಾದ್ರೆ ಮೊಬೈಲಲ್ಲಿ ತಗೊಳ್ಳಿ."
ಏನಪ್ಪ ವ್ಯತ್ಯಾಸ ಅಂದೆ.
ಮೆಟ್ರೋ ಮೆಟ್ಟಿಲ ಆ ಹುಡುಗ ವಿಸಿಲ್ಲು ಬಾಯಿಂದ ತೆಗೆದು
ನಿಜವಾಗಿಯೂ ಯೋಚಿಸಿದ.
"ಕ್ಯಾಮೆರಾ ಅಂದ್ರೆ, ನೋಡೋಕಂತ್ಲೇ ಬಂದಂಗೆ ಮೇಡಂ."

ಅದಾದ ಮೇಲೆ ಮಲ್ಲೇಶ್ವರ, ಎಂಟನೇ ಕ್ರಾಸು, ಏಳೂಕಾಲು.
ದಂಟು, ಕೀರೆ, ಚಕ್ಕೋತ, ಒದ್ದೆ ಗೋಣಿ,
ಬಿಸಿಲಿಗೆ ಮುಖ ಕಿವುಚಿಕೊಂಡು ಅಕ್ಕಯಮ್ಮ.
ಹೆಸರು ಆಮೇಲೆ ತಿಳಿದದ್ದು.
ಕ್ಲಿಕ್ಕೆಂದ ಮೇಲೆ ತಲೆ ಎತ್ತಿದಳು.
"ಅಳ್ಸು."

ವಾದ ಮಾಡುವವರಿದ್ದಾರೆ: ರಸ್ತೆ ಎಲ್ಲರದ್ದು, ಕಾನೂನು ಹೀಗಿದೆ ಅಂತ.
ನಾನೂ ಮಾಡಿದ್ದುಂಟು, ಬೇರೆಯವರ ಹತ್ತಿರ.
ಸುಮ್ಮನೆ ಪಕ್ಕ ಕುಕ್ಕರಿಸಿ ಡಬ್ಬಿಯ ಬೆನ್ನಿನ ಪರದೆ ತೋರಿಸಿದೆ.
ಹೆಬ್ಬೆರಳು ಗುಂಡಿಯ ಮೇಲಿತ್ತು.
"ತಾಳು. ಅಳ್ಸೋಕ್ ಮುಂಚೆ ನೋಡ್ತೀನಿ."

ನೋಡಿದಳು.
ಇಬ್ಬರು ಗಿರಾಕಿಗಳು ಬಂದು ಬೆಲೆ ಕೇಳಿ ಹೋಗುವಷ್ಟು ಹೊತ್ತು.
ಮಸಿ ಹಿಡಿದ ಉಗುರು ಪರದೆಯ ಮೇಲೆ ಮೆಲ್ಲಗೆ ಜಾರಿ
ತನ್ನ ಕೆನ್ನೆ ದಾಟಿ, ಸೆರಗು ದಾಟಿ,
ಮಡಿಲಲ್ಲಿ ನಿಂತಿತು.
"ಇದೇನು ಕಪ್ಪಗೆ?"
ನನ್ನ ನೆರಳು ಅಂದೆ. ಸೂರ್ಯ ಬೆನ್ನಿಗಿದ್ದರೆ ಹೀಗೆ,
ತಗೊಂಡವರೂ ಬಿದ್ದುಬಿಡ್ತಾರೆ ಒಳಗೆ.
"ನಿನ್ ತಲೆ ತಂದು ನನ್ ಮಡ್ಲಲ್ಲಿ ಮಡಗಿದೀಯಲ್ಲೇ!"
ನಕ್ಕಳು. ಒಂದು ಹಲ್ಲು ಇರಲಿಲ್ಲ.
ಆ ನಗೆಯ ಫೋಟೋ ಇಲ್ಲ.
"ಹ್ಞೂ. ಈಗ ಅಳ್ಸು."

ಅಳಿಸಿದೆ.
ಖಾತ್ರಿಯೇ ಅಂತ ಕೇಳಿತು ಡಬ್ಬಿ, ಹೌದು ಅಂದೆ.

ಎರಡು ಕಟ್ಟು ದಂಟು, ಇಪ್ಪತ್ತು ರೂಪಾಯಿ.
ಕೈಚೀಲ ತಂದಿರಲಿಲ್ಲ; ಕ್ಯಾಮೆರಾ ಚೀಲಕ್ಕೇ ತುರುಕಿದಳು,
ಲೆನ್ಸಿನ ಪಕ್ಕಕ್ಕೆ, ನೀರು ಚಿಮುಕಿಸಿದ್ದು ಹಾಗೇ ಇತ್ತು.
ನಯಾಜ್ ಪಾಷಾ ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.
ಹದಿನೈದನೇ ಕ್ರಾಸಿನವರೆಗೂ
ಸೊಂಟಕ್ಕೆ ತಣ್ಣಗೆ ತಾಗುತ್ತಿತ್ತು.