ಎರಡು ಗಂಟೆ

ಲ್ಯೂಬೆಕ್‌ನಲ್ಲಿ ವ್ಯಾನು ನಿಲ್ಲಿಸಿದ್ದಕ್ಕೆ
ಯಂತ್ರ ಚೀಟಿ ಉಗುಳಿತು: ಎರಡು ಗಂಟೆ.
ಅದಕ್ಕಿಂತ ಹೆಚ್ಚು ಆ ಬೀದಿಯಲ್ಲಿ ಯಾರಿಗೂ ಇಲ್ಲ.
ಫಿನ್‌ಲೆಂಡಿನ ಹಡಗು ನಡುರಾತ್ರಿಗೆ.
ಸೀಟು ಕಿತ್ತ ಜಾಗದಲ್ಲಿ
ಕಂಬಳಿ ಹೊದ್ದು ಮಲಗಿದೆ
ಕಾಸೆಲ್‌ನ ಮುದುಕಿಯಿಂದ ಕೊಂಡ ಮಗ್ಗ,
ತುಂಡು ತುಂಡಾಗಿ, ನಂಬರು ಬರೆಸಿಕೊಂಡು.

ಟೆಲ್ಲೆರ್ವೊ ಮಾತು ಬಿಟ್ಟಿದ್ದಾಳೆ
ಹ್ಯಾಂಬರ್ಗ್ ದಾಟಿದಾಗಿನಿಂದ.
ತಿರುವು ತಪ್ಪಿದ್ದು ನಾನು,
ನಕ್ಷೆ ಹಿಡಿದದ್ದು ಅವಳು;
ತಪ್ಪು ಯಾರದು ಎಂಬುದು ಇತ್ಯರ್ಥವಾಗದೆ
ನಮ್ಮ ನಡುವಿನ ಫ್ಲಾಸ್ಕಿನ ಹಾಗೆ
ದಾರಿಯುದ್ದಕ್ಕೂ ಕುಲುಕುತ್ತ ಬಂತು.

ಊರ ಹೆಬ್ಬಾಗಿಲು ವಾಲಿದೆ.
ಎರಡು ದಪ್ಪ ಗೋಪುರ,
ಅಡಿಯ ಮಣ್ಣು ಮೆತ್ತಗಿದ್ದು, ಕುಸಿದು,
ಕುಡಿದು ಮನೆಗೆ ಹೊರಟ ಗೆಳೆಯರ ಹಾಗೆ.
ಬಡಗಿಯ ಕಣ್ಣು ನನ್ನದು, ಸುಮ್ಮನಿರಲಾರದೆ
ಹೆಬ್ಬೆರಳೆತ್ತಿ ಅಳೆದೆ.
"ಒಂದು ಮೊಳವಾದರೂ ಓರೆ" ಅಂದೆ.
ಅವಳು ಗಡಿಯಾರ ನೋಡಿಕೊಂಡಳು.

ಆಮೇಲೆ ಇಟ್ಟಿಗೆ, ಇಟ್ಟಿಗೆ ಮೇಲೆ ಇಟ್ಟಿಗೆ,
ಬೇಯಿಸಿದ ಬೀಟ್‌ರೂಟಿನ ಬಣ್ಣ.
ಸೈಕಲ್ಲಿನ ದಾರಿಯಲ್ಲಿ ನಿಂತು ಬಾಯಿ ಕಳೆದದ್ದಕ್ಕೆ
ಹೆಲ್ಮೆಟ್ಟಿನ ಅಜ್ಜಿಯೊಬ್ಬಳು
ಇಬ್ಬರಿಗೂ ಸಮನಾಗಿ ಬೈದು ಹೋದಳು.
ಅಷ್ಟರಮಟ್ಟಿಗೆ ಒಂದಾದೆವು.

ಮೇರಿ ಮಾತೆಯ ಇಗರ್ಜಿ. ಒಳಗೆ ಥಂಡಿ.
ಗೋಪುರದ ಬುಡದಲ್ಲಿ, ಕಬ್ಬಿಣದ ಸರಳಿನಾಚೆ
ಎರಡು ಗಂಟೆ.
ಯುದ್ಧದ ಒಂದು ರಾತ್ರಿ, ಊರು ಉರಿಯುವಾಗ
ಮೇಲಿಂದ ಬಿದ್ದವು.
ಬಿದ್ದಲ್ಲೇ ಇವೆ.
ತುಟಿ ಹರಿದು, ಒಡಲು ಬಿರಿದು,
ನೆಲದ ಕಲ್ಲನ್ನು ಕಚ್ಚಿಕೊಂಡು.
ಬಡಿದರೂ ಈಗ ಬರೀ ಲೋಹದ ಸದ್ದು ಬಂದೀತು,
ತಟ್ಟೆಯ ಹಾಗೆ.

ಟೆಲ್ಲೆರ್ವೊ ಸರಳು ಹಿಡಿದು ನಿಂತಳು.
ಶಾಲೆಯ ಮಕ್ಕಳು ಬಂದರು, ಹೋದರು.
ಮೇಣದಬತ್ತಿ ಮಾರುವವನು ಕೆಮ್ಮಿದ.
ನನ್ನ ಜೇಬಿನಲ್ಲಿ ಚೀಟಿ ಬಿಸಿಯಾಗುತ್ತಿತ್ತು.

"ಯಾರೂ ಎತ್ತಲೇ ಇಲ್ಲ ನೋಡು" ಅಂದಳು.
ಹ್ಯಾಂಬರ್ಗಿನ ಈಚೆಗೆ ಮೊದಲ ಮಾತು.
ಏನಾದರೂ ಘನವಾದದ್ದು ಹೇಳಬೇಕಿತ್ತು ನಾನು,
ಅಂಥ ಜಾಗ, ಅಂಥ ಹೊತ್ತು.
"ಭಾರ ಇದ್ದಿರಬೇಕು" ಅಂದೆ.

ನಕ್ಕಳು.
ಇಲ್ಲಿ ನಗಬಾರದೆಂದು ಬಾಯಿಗೆ ಮಫ್ಲರು ತುರುಕಿ
ಹೆಗಲು ಕುಲುಕಿಸಿ
ಮೂಗಿನಿಂದ ನಕ್ಕಳು.
ಕಣ್ಣಲ್ಲಿ ನೀರು ಬಂತು; ಅದು ನಗೆಯದೇ ಏನೋ,
ನಾನು ಕೇಳಲಿಲ್ಲ.

ಹೊರಗೆ ಬಾದಾಮಿ ಮಿಠಾಯಿಯ ಅಂಗಡಿ.
ಹಂದಿಮರಿ, ನಿಂಬೆ, ಹಡಗು, ಆಲೂಗೆಡ್ಡೆ, ಎಲ್ಲವೂ ಬಾದಾಮಿಯೇ.
ಒಂದು ಆಲೂಗೆಡ್ಡೆ ಕೊಂಡೆವು.
"ಒಂದೇ?" ಅಂದಳು ಅಂಗಡಿಯ ಹುಡುಗಿ.
ಮುರಿದಾಗ ದೊಡ್ಡ ತುಂಡು ಯಾವುದೆಂದು
ಇಬ್ಬರೂ ನೋಡಿದೆವು.
ಅವಳು ತಿಂದಳು.

ಓಡಿದೆವು. ಅರವತ್ತೊಂದರ ಮೊಣಕಾಲು, ಐವತ್ತೆಂಟರ ಸೊಂಟ.
ಏಳು ನಿಮಿಷ ತಡ.
ಗಾಜಿನ ಮೇಲೆ ಆಗಲೇ ದಂಡದ ಕಾಗದ,
ಒದ್ದೆ ಗಾಳಿಗೆ ಪಟಪಟ.
ಬೈಯುತ್ತಾಳೆಂದುಕೊಂಡೆ. ಮಡಿಸಿ
ಪರ್ಸಿನಲ್ಲಿಟ್ಟುಕೊಂಡಳು.

ದಂಡ ಕಟ್ಟಿದ್ದೇವೆ.
ಮಗ್ಗ ಈಗ ಕೋಟ್ಕಾದ ಮನೆಯಲ್ಲಿ, ಕಿಟಕಿಯ ಪಕ್ಕ.
ಒಂದು ಕಾಲು ಮೋಟು. ನಾನು ಉಳಿ ತರುವಷ್ಟರಲ್ಲಿ
ಆ ಕಾಗದವನ್ನೇ ಎಂಟು ಮಡಿಕೆ ಮಾಡಿ
ಕಾಲಡಿಗೆ ಕೊಟ್ಟಿದ್ದಳು.
ಆದರೂ ಒಂದಿಷ್ಟು ವಾಲಿದೆ.
ಮುಟ್ಟಬೇಡ ಅಂದಿದ್ದಾಳೆ.